ಕಿಟಕಿಯಾಚೆ ಜರಿದ ಗುಡ್ಡವಿರುವಾಗ ನೈಸರ್ಗಿಕ ವಿಕೋಪದ ಪಾಠ ಹೇಗೆ ಮಾಡುವುದು?

ಕೊಡಗಿನ ಟೀಚರ್ | ಜೂನ್ 8, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಡಿಕೇರಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಬಯಲುಸೀಮೆ, ವರ್ಗವಾಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ಸಂಗತಿಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಐದನೇ ತರಗತಿಯಲ್ಲಿ ನೈಸರ್ಗಿಕ ವಿಕೋಪಗಳ ವಿಷಯ ಎತ್ತಿಕೊಂಡೆ. ಮಕ್ಕಳಿಗೆ ಎಷ್ಟು ಗೊತ್ತಿದೆ ನೋಡೋಣವೆಂದು, ನಾಲ್ಕು ವಿಕೋಪಗಳ ಹೆಸರು ಬರೆಯಿರಿ ಎಂದೆ. ಇರುವುದು 19 ಮಕ್ಕಳು. 19 ನೋಟುಪುಸ್ತಕಗಳಲ್ಲೂ ಸುನಾಮಿ ಇತ್ತು. ಭೂಕಂಪ, ಚಂಡಮಾರುತ, ಜ್ವಾಲಾಮುಖಿ ಎಲ್ಲವೂ ಇದ್ದವು. ಗುಡ್ಡ ಕುಸಿತ ಎಂದು ಒಬ್ಬರೂ ಬರೆದಿರಲಿಲ್ಲ. ನಮ್ಮ ತರಗತಿಯ ಕಿಟಕಿಯಲ್ಲಿ ನಿಂತರೆ, 2018ರ ಆಗಸ್ಟ್‌ನಲ್ಲಿ ಎದುರು ಗುಡ್ಡ ಜರಿದ ಜಾಗ ಇಂದಿಗೂ ಕಾಣುತ್ತದೆ. ಸುತ್ತ ದಟ್ಟ ಕಾಡು, ನಡುವೆ ಮೇಲಿಂದ ಕೆಳಗಿನವರೆಗೆ ತಿಳಿಹಸಿರು ಹುಲ್ಲಿನ ಪಟ್ಟಿ, ಅದರ ಬುಡದಲ್ಲಿ ಮಾಸದ ಕೆಂಪು ಮಣ್ಣು.

ಅತ್ತ ಕೈ ತೋರಿಸಿ "ಅದೇನು?" ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತಳು. "ಅದು ಜಲಸ್ಫೋಟ ಟೀಚರ್. ವಿಕೋಪ ಪುಸ್ತಕದಲ್ಲಿ ಇರುವುದು."

2018ರಲ್ಲಿ ಇವರೆಲ್ಲ ಮೂರು ನಾಲ್ಕು ವರ್ಷದ ಕೂಸುಗಳು. ಆ ಹುಡುಗಿಯನ್ನು ಅವಳ ಅಪ್ಪ ಬೆನ್ನಿಗೆ ಕಟ್ಟಿಕೊಂಡು ರಾತ್ರಿಯೆಲ್ಲ ಕಾಫಿ ತೋಟದೊಳಗೇ ನಡೆದು ಬಂದರಂತೆ. ಜೋಡುಪಾಲ, ಮಕ್ಕಂದೂರು, ಮದೆನಾಡು, ಹಟ್ಟಿಹೊಳೆ ಎಂಬ ಹೆಸರುಗಳನ್ನು ಆಗ ನಾನು ಪತ್ರಿಕೆಯಲ್ಲಿ ಓದಿದ್ದೆ. ಈಗ ಅವು ನನ್ನ ಮಕ್ಕಳ ಅಜ್ಜಿಮನೆ, ಸೋದರಮಾವನ ಮನೆ ಇರುವ ಊರುಗಳು.

ಇಂಥ ಮಕ್ಕಳಿಗೆ ಈ ಪಾಠವನ್ನು ಹೇಗೆ ಮಾಡಲಿ? ಮಳೆಯ ಸದ್ದು ಜೋರಾದರೆ ಇಬ್ಬರು ಕಿವಿ ಮುಚ್ಚಿಕೊಂಡು ಬೆಂಚಿನ ಮೇಲೆ ತಲೆಯಿಟ್ಟುಬಿಡುತ್ತಾರೆ. ವಿವರಿಸಿದರೆ ಭಯ ಹೆಚ್ಚೀತೇ ಎಂಬ ಅಳುಕು. ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪೆನಿಸುತ್ತದೆ. ಈ ತಿಂಗಳ ಕೊನೆಗೆ ಶಾಲೆಯಲ್ಲಿ ಅಣಕು ಕಾರ್ಯಾಚರಣೆ ಇದೆ. ಗಂಟೆ ಬಾರಿಸಿ, ಮಕ್ಕಳನ್ನು ಸಾಲಾಗಿ ಆಟದ ಮೈದಾನಕ್ಕೆ ಕರೆತಂದು ಹಾಜರಿ ತೆಗೆದುಕೊಳ್ಳುವುದು ಎಂದು ತೀರ್ಮಾನವಾಗಿದೆ. ಅಷ್ಟು ಸಾಕೇ? ಪಾಠ ಮಾಡಿದವರು, ಮಕ್ಕಳನ್ನು ಬೆಳೆಸಿದವರು ಯಾರಾದರೂ ದಯವಿಟ್ಟು ಹೇಳಿ.

ಕೃಷ್ಣಾ ದಂಡೆಯವನು | ಜೂನ್ 8, ರಾತ್ರಿ 10.25

ಮೇಡಂ, ನಾನು ಚಿಕ್ಕೋಡಿ ತಾಲ್ಲೂಕಿನ ಶಾಲೆಯವನು. ನಮ್ಮ ಕಡೆ ನೆರೆ ಎನ್ನುವುದಿಲ್ಲ, ಮಹಾಪೂರ ಎನ್ನುತ್ತೇವೆ. ನಿಮ್ಮ ಹುಡುಗಿಯ ಮಾತು ಓದಿ ನನ್ನ ಮಕ್ಕಳೇ ಕಣ್ಣೆದುರು ಬಂದರು. ಪ್ರವಾಹವೆಂದರೆ ಪರೀಕ್ಷೆಯಲ್ಲಿ ಬರುವಂಥದ್ದು, ಮಹಾಪೂರವೆಂದರೆ ಮನೆಯೊಳಗೆ ಬರುವಂಥದ್ದು ಎಂದೇ ಅವರು ತಿಳಿದಿದ್ದರು. ಆದ್ದರಿಂದ ಮೊದಲು ಹಲಗೆಯ ಮೇಲೆ ಅವರ ಮಾತನ್ನೇ ಬರೆಯಿರಿ. ಜಲಸ್ಫೋಟ ಎಂದೇ ಶುರುವಾಗಲಿ, ಭೂಕುಸಿತ ಆಮೇಲೆ ಬರಲಿ.

ನಾನು ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯ ಗೋಡೆಯ ಮೇಲೆ 2019ರ ಆಗಸ್ಟ್‌ನ ನೀರಿನ ಗುರುತು ಇದೆ. ಸುಣ್ಣ ಬಳಿದರೂ ಮತ್ತೆ ಮೂಡುತ್ತದೆ. ಮಕ್ಕಳ ಕೈಗೆ ಟೇಪು ಕೊಟ್ಟು ಅಳೆಯಲು ಹೇಳಿದೆ. ಆಮೇಲೆ ಒಬ್ಬೊಬ್ಬರನ್ನೂ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಏಳನೇ ತರಗತಿಯ ಎಲ್ಲರಿಗಿಂತ ಎತ್ತರದ ಹುಡುಗನ ಗೆರೆಯೂ ನೀರಿನ ಗುರುತಿಗಿಂತ ಒಂದು ಗೇಣು ಕೆಳಗಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಗುರುಗಳೇ, ಹಾಗಾದರೆ ಎಷ್ಟು ನೀರು ಬಂದಾಗ ಮನೆ ಬಿಡಬೇಕು?" ಎಂದು ಕೇಳಿದಳು. ಪಾಠ ಅಲ್ಲಿಂದ ತಾನಾಗಿ ಸಾಗಿತು.

ಇನ್ನೊಂದು ಸಂಗತಿ. ಮಳೆಗಾಲದಲ್ಲಿ ನಮ್ಮ ಮಕ್ಕಳು ಟಿವಿಯಲ್ಲಿ ದಿನವೂ ಕೇಳುವುದು ಕ್ಯುಸೆಕ್ ಲೆಕ್ಕ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಎಂದು ಓದುತ್ತಾರೆ. ಹಾಗೆಂದರೇನು ಎಂದು ನಾನು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ನಮ್ಮ ಮನೆಗಳ ಲೆಕ್ಕದಲ್ಲಿ ಎರಡು ಕೊಡ. ಬಿಸಿಯೂಟದ ಕೋಣೆಯಿಂದ ಎರಡು ಕೊಡ ತರಿಸಿ, ತುಂಬಿಸಿ, ಅಂಗಳದಲ್ಲಿ ಒಮ್ಮೆಲೇ ಸುರಿದು ತೋರಿಸಿದೆ. ಒಂದು ಲಕ್ಷ ಕ್ಯುಸೆಕ್ ಎಂದರೆ ಕಣ್ಣು ಮಿಟುಕಿಸುವುದರೊಳಗೆ ಇಂಥ ಎರಡು ಲಕ್ಷ ಕೊಡ. ಈಗ ಮಕ್ಕಳು ಸುದ್ದಿ ಕೇಳಿ ಮನೆಯಲ್ಲಿ ಲೆಕ್ಕ ಹೇಳುತ್ತಾರೆ. ದನಗಳನ್ನು ಯಾವಾಗ ಎತ್ತರದ ಜಾಗಕ್ಕೆ ಹೊಡೆಯಬೇಕು ಎಂಬ ಮಾತು ಒಂದು ದಿನ ಮೊದಲೇ ಏಳುತ್ತದೆ.

ಮೊಣಕಾಲುದ್ದದ ನೀರು ತಾನೇ, ದಾಟಿಬಿಡೋಣ ಎಂಬ ಮಾತನ್ನು ಮಾತ್ರ ಮಕ್ಕಳ ತಲೆಯಿಂದ ತೆಗೆಯಲೇಬೇಕು. ರಭಸವಿದ್ದರೆ ಅರ್ಧ ಅಡಿ ನೀರೂ ದೊಡ್ಡವರನ್ನು ಬೀಳಿಸುತ್ತದೆ, ಎರಡು ಅಡಿ ನೀರು ಕಾರನ್ನೇ ತೇಲಿಸುತ್ತದೆ. ನಮ್ಮ ಕಲ್ಲೋಳ–ಯಡೂರ ಸೇತುವೆ ಮುಳುಗಿದಾಗಲೆಲ್ಲ ಅದರ ಮೇಲೆ ಬೈಕು ಹಾಯಿಸಲು ನೋಡುವವರು ಇರುತ್ತಾರೆ. ಹಿಂದೆ ಕುಳಿತ ಮಗು ಆಗ "ಅಪ್ಪಾ, ಬೇಡ" ಎನ್ನಬೇಕು. ನಾನು ಕಲಿಸುವುದು ಆ ಎರಡು ಪದಗಳನ್ನು.

ಇಬ್ಬರು ಮಕ್ಕಳ ತಾಯಿ, ಮೈಸೂರು | ಜೂನ್ 9, ಬೆಳಗ್ಗೆ 7.15

ಇಬ್ಬರ ಶ್ರದ್ಧೆಗೂ ಕೈ ಮುಗಿಯುತ್ತೇನೆ. ಆದರೆ ನನ್ನ ಅನುಭವ ಬೇರೆ, ಅದನ್ನೂ ಕೇಳಿಸಿಕೊಳ್ಳಿ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವಲ್ಲ, ಅದರ ಮರುವಾರ ನನ್ನ ಮಗಳ ತರಗತಿಯಲ್ಲಿ ಆ ವಿಡಿಯೊಗಳನ್ನು ತೋರಿಸಿದರು. ಅರಿವು ಮೂಡಿಸಲಿ ಎಂಬ ಒಳ್ಳೆಯ ಉದ್ದೇಶವೇ ಇರಬಹುದು. ಅವಳಿಗೆ ಆಗ ಎಂಟು ವರ್ಷ. ಅಂದಿನಿಂದ ಒಂದು ತಿಂಗಳು ಅವಳು ಚಪ್ಪಲಿ ಹಾಕಿಕೊಂಡೇ ಮಲಗಿದಳು. ದಿಂಬಿನ ಪಕ್ಕದಲ್ಲಿ ಶಾಲೆಯ ಚೀಲ, ಅದರೊಳಗೆ ತಮ್ಮನ ಒಂದು ಅಂಗಿ. ನಮ್ಮ ಮಹಡಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. "ಅಮ್ಮಾ, ಅದು ಇಲ್ಲಿಯವರೆಗೆ ಬರುತ್ತದೆಯೇ?" ಎಂದು ದಿನವೂ ಕೇಳುತ್ತಿದ್ದಳು. ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ನಂಬಲಿಲ್ಲ. "ಅಲ್ಲಿಯ ಅಮ್ಮಂದಿರೂ ಹಾಗೆಯೇ ಹೇಳಿದ್ದರೇನೋ" ಎಂದುಬಿಟ್ಟಳು.

ಚಿಕ್ಕ ಮಕ್ಕಳ ಎದೆಯ ಮೇಲೆ ಅಷ್ಟು ಭಾರ ಹೇರಬೇಕೇ? ಕಾಪಾಡುವುದು ದೊಡ್ಡವರ ಕೆಲಸವಲ್ಲವೇ?

ಕೊಡಗಿನ ಟೀಚರ್ | ಜೂನ್ 9, ಮಧ್ಯಾಹ್ನ 1.30

ಅಕ್ಕಾ, ನಿಮ್ಮ ಮಗಳು ಚಪ್ಪಲಿ ಹಾಕಿಕೊಂಡು ಮಲಗಿದ್ದನ್ನು ಓದಿ ಊಟ ಸೇರಲಿಲ್ಲ. ವಿಡಿಯೊ ತೋರಿಸುವುದಿಲ್ಲ, ಅದನ್ನು ಈಗಲೇ ನಿರ್ಧರಿಸಿದ್ದೇನೆ. ಆದರೆ ನನ್ನ ಮಕ್ಕಳಿಗೆ ನಾನು "ಬರುವುದಿಲ್ಲ" ಎಂದು ಹೇಳಲಾರೆ. ಕಿಟಕಿಯಾಚೆಗೆ ಕಣ್ಣು ಹಾಯಿಸಿದರೆ ನನ್ನ ಮಾತು ಸುಳ್ಳೆಂದು ಅವರಿಗೆ ಗೊತ್ತಾಗುತ್ತದೆ. ಒಮ್ಮೆ ಸುಳ್ಳು ಹೇಳಿದ ಟೀಚರ್ ಮುಂದೆ ಓಡಿ ಎಂದಾಗ ಅವರು ನಂಬಿ ಓಡುವರೇ ಎಂಬುದೇ ನನ್ನ ಚಿಂತೆ.

ನಿವೃತ್ತ ವಿಜ್ಞಾನ ಶಿಕ್ಷಕ, ಕಲಬುರಗಿ | ಜೂನ್ 9, ಸಂಜೆ 6.05

ತಂಗಿ, ನಿಮ್ಮಿಬ್ಬರ ಮಾತಿನಲ್ಲೂ ಸತ್ಯವಿದೆ. ನನಗೆ ತಿಳಿದದ್ದನ್ನು ಹೇಳುತ್ತೇನೆ.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಬಾಕಿ. ಗಣಪತಿ ಕಳಿಸಿ ಮಲಗಿದ್ದ ಜನ. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿ ಹತ್ತು ಸಾವಿರದಷ್ಟು ಜೀವ ಹೋಯಿತು. ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲೂ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಉರುಳಿದವು. ಅಲ್ಲಿ ಕೊಂದದ್ದು ನಡುಕಕ್ಕಿಂತ ಹೆಚ್ಚಾಗಿ ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮಾಳಿಗೆಯ ಮೇಲೆ ಹೇರಿದ ಮಣ್ಣು. ನಮ್ಮ ಮನೆಗಳೂ ಅಂಥವೇ. ಮರುವಾರ ಶಾಲೆಗೆ ಬಂದ ಮಕ್ಕಳು ಬೆಂಚು ಸರಿದ ಸದ್ದಿಗೂ ಚೀರುತ್ತಿದ್ದರು. ನಾನು ಆಗ ಹೊಸಬ. ಸಮಾಧಾನದ ಮಾತು ಎಷ್ಟು ಹೇಳಿದರೂ ನಾಟಲಿಲ್ಲ. ಕೊನೆಗೆ ಅವರನ್ನು ಊರೊಳಗೆ ಕರೆದುಕೊಂಡು ಹೋಗಿ, ಯಾವ ಗೋಡೆ ಉಬ್ಬಿದೆ, ಯಾವುದರಲ್ಲಿ ಬಿರುಕಿದೆ, ಮಲಗುವಾಗ ಯಾವ ಗೋಡೆಯಿಂದ ದೂರವಿರಬೇಕು ಎಂದು ಒಂದು ನಕ್ಷೆ ಬರೆಸಿದೆ. ನಾಲ್ಕು ದಿನ ಅದೇ ಕೆಲಸ. ಕೈಗೆ ಕೆಲಸ ಸಿಕ್ಕ ಮೇಲೆ ಚೀರಾಟ ನಿಂತಿತು. ಮೈಸೂರಿನ ತಾಯಿಯೇ, ನಿಮ್ಮ ಮಗಳಿಗೆ ತೋರಿಸಿದ್ದು ಸಾವನ್ನು ಮಾತ್ರ. ಮಾಡಲು ಏನನ್ನೂ ಕೊಡಲಿಲ್ಲ. ಆ ಮಗು ತಾನೇ ಒಂದು ಕೆಲಸ ಕಂಡುಕೊಂಡಿತು: ಚಪ್ಪಲಿ, ಚೀಲ, ತಮ್ಮನ ಅಂಗಿ. ಅದು ಜಾಣ ಮಗು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ಗುಡುಗಿ ಅದುರಿದಾಗಲೂ ಇದನ್ನೇ ಕಂಡೆ. ಸಣ್ಣ ಕಂಪನಗಳೇ, ಆದರೂ ಜನ ಮನೆಯ ಹೊರಗೆ ಮಲಗಿದರು. 'ಬಾಗು, ಮರೆಯಾಗು, ಹಿಡಿದುಕೋ' ಎಂದು ಬೆಂಚಿನಡಿ ಕೂತು ಕಲಿತ ಮಕ್ಕಳು ಅಪ್ಪ ಅಮ್ಮಂದಿರಿಗೆ ಅದನ್ನು ಮಾಡಿ ತೋರಿಸುತ್ತಿದ್ದರು.

ಆದರೆ ನಮ್ಮ ಕಡೆ ವರ್ಷ ವರ್ಷವೂ ಮಕ್ಕಳನ್ನು ಕೊಲ್ಲುವುದು ಭೂಕಂಪವಲ್ಲ, ಸಿಡಿಲು. ದೇಶದಲ್ಲಿ ವರ್ಷಕ್ಕೆ 2,000ಕ್ಕಿಂತ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ, ರಜೆಯಲ್ಲಿ ಆಡು ಕುರಿ ಕಾಯಲು ಹೋದ ಮಗು ಮಳೆ ಬಂತೆಂದು ಬೇವಿನ ಮರದಡಿ ನಿಲ್ಲುತ್ತದೆ. ಅಷ್ಟೇ. ಇದನ್ನು ನಾನು ಕಲಿಸಿದ ಬಗೆ ಹೀಗೆ. ಮಿಂಚಿದರೆ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ" ಎನ್ನಲು ನಮ್ಮ ಅಜ್ಜಿಯರು ಕಲಿಸಿದ್ದರಲ್ಲವೇ? ಗಡಿಯಾರ ಹಿಡಿದು ನೋಡಿದೆ. ಮಕ್ಕಳು ನಿಧಾನವಾಗಿ ಹೇಳಿದರೆ ಮೂರು ಸೆಕೆಂಡು ಚಿಲ್ಲರೆ. ಶಬ್ದ ಒಂದು ಕಿಲೋಮೀಟರ್ ಸಾಗಲು ಬೇಕಾದದ್ದೂ ಸುಮಾರು ಅಷ್ಟೇ. ಮಿಂಚು ಕಂಡೊಡನೆ ಶುರು ಮಾಡಿ, ಗುಡುಗು ಕೇಳುವಷ್ಟರಲ್ಲಿ ಎಷ್ಟು ಸಲ ಹೇಳಿದಿರೋ ಸಿಡಿಲು ಹೆಚ್ಚುಕಡಿಮೆ ಅಷ್ಟು ಕಿಲೋಮೀಟರ್ ದೂರ. ಹತ್ತಕ್ಕಿಂತ ಕಡಿಮೆಯಾದರೆ ಆಡು ಬಿಟ್ಟು ಪಕ್ಕಾ ಕಟ್ಟಡಕ್ಕೆ ಓಡು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಬರಬೇಡ. ಕಟ್ಟಡವೇ ಇಲ್ಲದಿದ್ದರೆ ಮರ ಬಿಟ್ಟು, ಒಬ್ಬರಿಂದೊಬ್ಬರು ದೂರವಾಗಿ, ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂತುಕೋ, ಮಲಗಬೇಡ. ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟು ಹೊಡೆಯುವುದಿಲ್ಲ, ಹೆದರದೆ ಮುಟ್ಟು, ಕೂಗಿ ಜನ ಸೇರಿಸು, 108ಕ್ಕೆ ಕರೆ ಮಾಡಿಸು. ಅಜ್ಜಿಯ ಮಂತ್ರವನ್ನು ಕಸಿದುಕೊಳ್ಳದೆ ಅದನ್ನೇ ಗಡಿಯಾರ ಮಾಡಿಕೊಂಡದ್ದರಿಂದ ಮನೆಯವರೂ ಒಪ್ಪಿದರು.

ನಿಮ್ಮ ಗುಡ್ಡದ ಪಾಠಕ್ಕೆ ಒಂದು ಬುಟ್ಟಿ ಮರಳು ಸಾಕು. ಕಾಲ ಮೇಲೆ ಒದ್ದೆ ಮರಳು ಬಡಿದು ಕಪ್ಪೆಗೂಡು ಕಟ್ಟಲು ಹೇಳಿ. ಒಣ ಮರಳಿನಲ್ಲಿ ಅದು ನಿಲ್ಲುವುದಿಲ್ಲ, ಹದವಾಗಿ ಒದ್ದೆಯಾದರೆ ನಿಲ್ಲುತ್ತದೆ. ಏಕೆಂದರೆ ಕಣಗಳ ನಡುವಿನ ತೆಳು ನೀರು ಅವನ್ನು ಒಂದಕ್ಕೊಂದು ಅಂಟಿಸುತ್ತದೆ. ಈಗ ಮೇಲಿನಿಂದ ಚೊಂಬಿನಲ್ಲಿ ನೀರು ಹನಿಸುತ್ತಾ ಹೋಗಲಿ. ಸಂದುಗಳೆಲ್ಲ ತುಂಬಿ, ನೀರೇ ಕಣಗಳನ್ನು ದೂಡಲು ಶುರು ಮಾಡಿದ ಕ್ಷಣ ಗೂಡು ಕುಸಿಯುತ್ತದೆ. ಇನ್ನೊಂದು ಗೂಡಿನ ಬುಡವನ್ನು ಚಮಚದಿಂದ ನೆಟ್ಟಗೆ ಕಡಿದು ಅದಕ್ಕೂ ನೀರು ಹನಿಸಲಿ. ಅದು ಎಷ್ಟು ಬೇಗ ಬೀಳುತ್ತದೆ ಎಂದು ಮಕ್ಕಳೇ ಹೇಳುತ್ತಾರೆ. 2018ರ ನಂತರ ಕೊಡಗಿಗೆ ಬಂದ ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದೂ ಇದನ್ನೇ: ವಿಪರೀತ ಮಳೆ, ಜೊತೆಗೆ ರಸ್ತೆಗೂ ಮನೆಗೂ ಕಡಿದ ಇಳಿಜಾರು.

ಕೊನೆಗೆ ಒಂದು ಪ್ರಶ್ನೆ. ಮಕ್ಕಳನ್ನು ಮೈದಾನಕ್ಕೆ ಕರೆತರುತ್ತೇವೆ ಎಂದಿರಿ. ಆ ಮೈದಾನದ ಹಿಂದೆ ಏನಿದೆ?

ಕೊಡಗಿನ ಟೀಚರ್ | ಜೂನ್ 10, ಬೆಳಗ್ಗೆ 8.50

ಸರ್, ರಾತ್ರಿ ನಿಮ್ಮ ಪ್ರಶ್ನೆ ಓದಿದಾಗಲೇ ಎದೆ ಧಸಕ್ಕೆಂದಿತು. ಬೆಳಗ್ಗೆ ಬೇಗ ಬಂದು ನೋಡಿದೆ. ನಮ್ಮದು ಗುಡ್ಡ ಕಡಿದು ಸಮ ಮಾಡಿದ ಮೈದಾನ. ಹಿಂದೆ ಎರಡಾಳು ಎತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ನೀವು ಚಮಚದಿಂದ ಕಡಿಯಿರಿ ಎಂದ ಹಾಗೆಯೇ ನೆಟ್ಟಗೆ. ಬರೆಯ ನೆತ್ತಿಯಲ್ಲಿ ಒಂದು ಸಿಲ್ವರ್ ಓಕ್ ಮರ ಮೈದಾನದ ಕಡೆಗೆ ವಾಲಿದೆ. ಮೊದಲೇ ವಾಲಿತ್ತೋ, ಈಚೆಗೆ ವಾಲಿತೋ ಗೊತ್ತಿಲ್ಲ. ಎರಡು ವರ್ಷದಿಂದ ಅದರ ನೆರಳಿನಲ್ಲೇ ನಿಂತು ಪ್ರಾರ್ಥನೆ ಮಾಡಿಸಿದ್ದೇನೆ.

ಮುಖ್ಯ ಶಿಕ್ಷಕರಿಗೆ ಹೇಳಿದೆ. ಅಣಕು ಕಾರ್ಯಾಚರಣೆ ಎಂದರೆ ಎಲ್ಲ ಕಡೆ ಮೈದಾನದಲ್ಲೇ ಸೇರಿಸುವುದಲ್ಲವೇ ಎಂದರು. ಬೆಂಕಿಗೂ ಭೂಕಂಪಕ್ಕೂ ಅದು ಸರಿ. ಗುಡ್ಡ ಕುಸಿಯುವುದಕ್ಕೆ?

ಸೆಂದಾಯ್‌ನಿಂದ | ಜೂನ್ 10, ಮಧ್ಯಾಹ್ನ 12.20

ನಾನು ಶಿವಮೊಗ್ಗದವನು. ಕೆಲಸದ ಮೇಲೆ ಜಪಾನಿನ ಸೆಂದಾಯ್‌ನಲ್ಲಿದ್ದೇನೆ. ಮಗ ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ. ಮೈದಾನದ ಮಾತು ಓದಿ ಸುಮ್ಮನಿರಲಾಗಲಿಲ್ಲ.

ನಮ್ಮಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿ, ಇಶಿನೊಮಾಕಿ ನಗರಕ್ಕೆ ಸೇರಿದ ಒಕಾವಾ ಪ್ರಾಥಮಿಕ ಶಾಲೆಯ ಅವಶೇಷವಿದೆ. 2011ರ ಮಾರ್ಚ್ 11ರಂದು ಮಧ್ಯಾಹ್ನ 2.46ಕ್ಕೆ ಭೂಮಿ ನಡುಗಿತು. ಕಲಿತ ಹಾಗೆಯೇ ಶಿಕ್ಷಕರು ಮಕ್ಕಳನ್ನು ಮೈದಾನಕ್ಕೆ ತಂದು ಹಾಜರಿ ತೆಗೆದುಕೊಂಡರು. ಅಲ್ಲಿಯವರೆಗೆ ಎಲ್ಲವೂ ಸರಿ. ಮುಂದೆ ಎಲ್ಲಿಗೆ ಎಂಬುದು ಮಾತ್ರ ಮೊದಲೇ ತೀರ್ಮಾನವಾಗಿರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಅದನ್ನು ಹತ್ತೋಣ ಎಂದು ಕೆಲವು ಮಕ್ಕಳೇ ಹೇಳಿದ್ದರೆಂದು ಬದುಕುಳಿದವರು ಹೇಳಿದ್ದಾರೆ. ಸುಮಾರು 50 ನಿಮಿಷ ಮೈದಾನದಲ್ಲೇ ಕಳೆಯಿತು. ಹೊರಟಾಗ ನದಿಯ ಮೇಲಿಂದ ಸುನಾಮಿ ಬಂತು. 108 ಮಕ್ಕಳಲ್ಲಿ 74 ಮಕ್ಕಳು, 10 ಶಿಕ್ಷಕರು ಹೋದರು. ಹೆತ್ತವರು ನ್ಯಾಯಾಲಯಕ್ಕೆ ಹೋದರು. ಮುಂಚಿತವಾಗಿ ಸಿದ್ಧತೆ ಮಾಡದಿದ್ದದ್ದೇ ಆಡಳಿತದ ಲೋಪ ಎಂಬ ತೀರ್ಪನ್ನು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ನಾನು ಆ ಗುಡ್ಡದ ಬುಡದಲ್ಲಿ ನಿಂತು ಬಂದಿದ್ದೇನೆ. ಮೈದಾನದಿಂದ ಅಲ್ಲಿಗೆ ನನ್ನ ಮಗ ಎರಡು ನಿಮಿಷದಲ್ಲಿ ನಡೆದ.

ಅದೇ ದಿನ, ಅದೇ ಕರಾವಳಿಯ ಕಮಾಯಿಶಿ ಊರಿನಲ್ಲಿ ಸುಮಾರು 3,000 ಶಾಲಾ ಮಕ್ಕಳಲ್ಲಿ ಹೆಚ್ಚೂಕಡಿಮೆ ಎಲ್ಲರೂ ಬದುಕಿದರು. ಅಲ್ಲಿ ಕತಾದಾ ತೋಶಿತಾಕಾ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಮಕ್ಕಳಿಗೆ ಮೂರು ಮಾತು ಕಲಿಸಿದ್ದರು: ನಕ್ಷೆಯಲ್ಲಿ ಅಪಾಯವಿಲ್ಲ ಎಂದಿದ್ದರೂ ನಂಬಿ ಕೂರಬೇಡ, ಆ ಹೊತ್ತಿಗೆ ನಿನ್ನಿಂದಾದ ಎಲ್ಲವನ್ನೂ ಮಾಡು, ಓಡುವವರಲ್ಲಿ ನೀನೇ ಮೊದಲಿಗನಾಗು. ಉನೊಸುಮಾಯಿ ಎಂಬಲ್ಲಿ ಪ್ರೌಢಶಾಲೆಯ ಮಕ್ಕಳು ಎತ್ತರದ ಕಡೆಗೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯವರು ಅವರನ್ನು ನೋಡಿ ಮಹಡಿಯಿಂದ ಇಳಿದು ಹಿಂಬಾಲಿಸಿದರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಸೇರಬೇಕಾಗಿದ್ದ ಜಾಗ ತಲುಪಿದರೆ ಅಲ್ಲಿ ಹಿಂದಿನ ದಿಬ್ಬ ಜರಿಯುತ್ತಿತ್ತು. ಆದ್ದರಿಂದ ಇನ್ನೂ ಮೇಲೆ ಹೋದರು. ಅವರ ಶಾಲೆ ಅಪಾಯದ ನಕ್ಷೆಯ ಹೊರಗಿತ್ತು.

ನಮ್ಮ ಶಾಲೆಯಲ್ಲಿ ಕಟ್ಟಡ ಬಿಡುವಾಗಿನ ನಿಯಮವನ್ನು ನಾಲ್ಕು ಮಾತಿನಲ್ಲಿ ಕಲಿಸುತ್ತಾರೆ. ಕನ್ನಡದಲ್ಲಿ ಮಗನಿಗೆ ನಾನು ಹೀಗೆ ಹೇಳಿಕೊಟ್ಟಿದ್ದೇನೆ: ದೂಡಬೇಡ, ಓಡಬೇಡ, ಮಾತಾಡಬೇಡ, ಮರಳಬೇಡ. ಹೊರಗೆ ಬಂದು ಸುನಾಮಿ ಎಂದಾದರೆ ಎರಡನೆಯದು ಬದಲಾಗುತ್ತದೆ, ಓಡಲೇಬೇಕು. ವರ್ಷಕ್ಕೊಮ್ಮೆ ಮಕ್ಕಳನ್ನು ಹೆತ್ತವರ ಕೈಗೆ ಒಪ್ಪಿಸುವ ಅಭ್ಯಾಸವೂ ಇದೆ. ನಾವು ಸಾಲಿನಲ್ಲಿ ನಿಂತು, ಹೆಸರು ಹೇಳಿ, ಚೀಟಿ ತೋರಿಸಿ ಮಗುವನ್ನು ಕರೆದೊಯ್ಯಬೇಕು.

ಇಬ್ಬರು ಮಕ್ಕಳ ತಾಯಿ, ಮೈಸೂರು | ಜೂನ್ 10, ರಾತ್ರಿ 9.10

ಒಕಾವಾ ಬಗ್ಗೆ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ನಿಲುವು ಸ್ವಲ್ಪ ಸಡಿಲವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದರಿಂದ ಇನ್ನೂ ಕಷ್ಟದ ಪ್ರಶ್ನೆ ಹುಟ್ಟಿದೆ. ಗುಡ್ಡ ಹತ್ತೋಣ ಎಂದ ಆ ಮಕ್ಕಳು ಶಿಕ್ಷಕರ ಮಾತು ಮೀರಿ ಓಡಬೇಕಿತ್ತು ಎಂದಾಯಿತಲ್ಲ. ದೊಡ್ಡವರು ಹೇಳಿದಂತೆ ಕೇಳು ಎಂದು ದಿನಕ್ಕೆ ಹತ್ತು ಸಲ ಹೇಳುವ ನಾನು, ಆ ಒಂದು ದಿನ ಮಾತ್ರ ಕೇಳಬೇಡ ಎಂದು ಹೇಗೆ ಹೇಳಲಿ? ಯಾವ ದಿನ ಅದು ಎಂದು ಎಂಟು ವರ್ಷದ ಮಗುವಿಗೆ ಹೇಗೆ ತಿಳಿಯುತ್ತದೆ?

ಗಂಗಾವಳಿ | ಜೂನ್ 11, ಬೆಳಗ್ಗೆ 6.40

ಅಕ್ಕಾ, ನಾನು ಅಂಕೋಲಾ ಕಡೆಯವನು, ಇಬ್ಬರು ಹೆಣ್ಣುಮಕ್ಕಳ ತಂದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಇಳಿಯಿತು. ನದಿಯ ನೀರು ಅಲೆಯಾಗಿ ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಗುಡ್ಡ ಇರುವುದು ಆಚೆ ದಡದಲ್ಲಿ, ನಮಗೇನು ಎಂದುಕೊಂಡಿದ್ದವರು ದೊಡ್ಡವರೇ. ಅಂದರೆ ಗೊತ್ತಿಲ್ಲದಿರುವಿಕೆಗೆ ವಯಸ್ಸಿಲ್ಲ.

ನನ್ನ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಕಾಲುಸಂಕವಿದೆ. ಅಡಿಕೆ ಮರದ ಎರಡು ಕಂಬ, ಒಂದೇ ಕಡೆ ಹಿಡಿಕೆ. ಅವರಿಗೆ ನಾನು ಹೇಳಿರುವುದು ಇಷ್ಟು: ನೀರು ಸಂಕದ ಕಂಬ ಮುಟ್ಟಿದ ದಿನ, ದಾಟು ಎಂದು ಯಾರೇ ಹೇಳಿದರೂ, ನಾನೇ ಹೇಳಿದರೂ, ದಾಟಬೇಡಿ. ಹಿಂದಕ್ಕೆ ಬನ್ನಿ, ನಾನು ಬೈಯುವುದಿಲ್ಲ. ಯಾವ ದಿನ ಎಂಬುದನ್ನು ಮಗುವಿನ ವಿವೇಚನೆಗೆ ಬಿಡದೆ ಕಣ್ಣಿಗೆ ಕಾಣುವ ಒಂದು ಗುರುತಿಗೆ ಕಟ್ಟಿದರೆ ಅದು ಮಾತು ಮೀರಿದಂತೆ ಆಗುವುದಿಲ್ಲ. ನಮ್ಮದೇ ಹಳೆಯ ಮಾತನ್ನು ಪಾಲಿಸಿದಂತೆ ಆಗುತ್ತದೆ.

ಕೃಷ್ಣಾ ದಂಡೆಯವನು | ಜೂನ್ 11, ಬೆಳಗ್ಗೆ 7.30

ಅಣ್ಣಾ, ಈ ಮಾತನ್ನು ನಾಳೆಯೇ ಹಲಗೆಯ ಮೇಲೆ ಬರೆಯುತ್ತೇನೆ. "ನಾನು ಬೈಯುವುದಿಲ್ಲ" ಎಂಬುದನ್ನೂ ಸೇರಿಸಿ. ಎಷ್ಟೋ ಮಕ್ಕಳು ನೀರಿಗಿಂತ ಮನೆಯ ಬೈಗುಳಕ್ಕೆ ಹೆಚ್ಚು ಹೆದರುತ್ತಾರೆ.

ವಿಶೇಷ ಶಿಕ್ಷಕಿ | ಜೂನ್ 11, ಸಂಜೆ 5.00

ಒಂದೇ ಮಾತು. ಗಂಟೆ ಬಾರಿಸುತ್ತೇವೆ ಎನ್ನುತ್ತಿದ್ದೀರಿ. ಕಿವಿ ಕೇಳದ ಮಗು ನಿಮ್ಮ ಶಾಲೆಯಲ್ಲಿದ್ದರೆ? ಗಂಟೆಯ ಜೊತೆಗೆ ದೀಪ ಆರಿಸಿ ಹಚ್ಚುವುದೋ, ಕೆಂಪು ಬಟ್ಟೆ ಬೀಸುವುದೋ ಇರಲಿ. ನಡೆಯಲಾಗದ ಮಗುವಿಗೆ ಇಬ್ಬರು ಜೊತೆಗಾರರನ್ನು ಹೆಸರು ಹಿಡಿದು ಗೊತ್ತು ಮಾಡಿ, ಒಬ್ಬರು ರಜೆ ಹಾಕಿದ ದಿನಕ್ಕೆ ಮೂರನೆಯವರೂ ಇರಲಿ. ಆ ಮಗುವನ್ನು ಅಭ್ಯಾಸದ ದಿನ ಒಂದು ಮೂಲೆಯಲ್ಲಿ ಕೂರಿಸಿಬಿಡಬೇಡಿ. ನಿಜವಾದ ದಿನ ಅದು ಅಲ್ಲೇ ಕೂತಿರುತ್ತದೆ.

ಕೊಡಗಿನ ಟೀಚರ್ | ಜೂನ್ 28, ರಾತ್ರಿ 8.15

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಆದದ್ದನ್ನೆಲ್ಲ ಹೇಳುತ್ತೇನೆ.

ಕಪ್ಪೆಗೂಡಿನ ಪಾಠ ಮಾಡಿದೆ. ಬುಡ ಕಡಿದ ಗೂಡು ಬಿದ್ದಾಗ ಒಬ್ಬ ಹುಡುಗ ನನ್ನನ್ನು ನೋಡಲಿಲ್ಲ, ನೇರವಾಗಿ ಮೈದಾನದ ಬರೆಯತ್ತ ನೋಡಿದ. ಮಧ್ಯಾಹ್ನ ಅವನೇ ಮುಖ್ಯ ಶಿಕ್ಷಕರ ಕೋಣೆಗೆ ಹೋಗಿ, "ಸರ್, ಪ್ರಾರ್ಥನೆಗೆ ಆ ಕಡೆ ನಿಲ್ಲುವುದು ಬೇಡ" ಎಂದನಂತೆ. ನಾನು ಹೇಳಿದಾಗ ಅಲುಗದವರು ಮರುದಿನದಿಂದ ಪ್ರಾರ್ಥನೆಯನ್ನು ಶಾಲೆಯ ಮುಂದಿನ ಜಗಲಿಗೆ ಬದಲಿಸಿದರು. ವಾಲಿದ ಮರದ ವಿಷಯ ಪಂಚಾಯಿತಿಗೆ ಹೋಗಿದೆ.

ಜಲಸ್ಫೋಟ ಎಂದ ಹುಡುಗಿಯ ಅಜ್ಜಿಯನ್ನು ತರಗತಿಗೆ ಕರೆದೆ. ಅವರು ಕುರ್ಚಿಯಲ್ಲಿ ಕೂರಲು ಒಪ್ಪದೆ ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಆ ದಿನ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು, ಆದರೆ ಮನೆಯ ಪಕ್ಕದ ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಇದ್ದಕ್ಕಿದ್ದಂತೆ ಇಳಿದುಹೋಯಿತು ಎಂದರು. "ಮಳೆ ನಿಂತಿಲ್ಲ, ತೋಡು ಯಾಕೆ ಸುಮ್ಮನಾಯಿತು ಎಂದು ನಾನು ಬಾಗಿಲಿಗೆ ಬಂದೆ. ಬಾಗಿಲು ಹಿಡಿದುಕೊಂಡಿತ್ತು, ಎಳೆದರೂ ಬರಲಿಲ್ಲ. ಆಗ ಮಗನನ್ನು ಎಬ್ಬಿಸಿದೆ." ಮೇಲೆ ಮಣ್ಣು ಬಿದ್ದು ತೋಡಿಗೆ ಅಡ್ಡಗಟ್ಟಿತ್ತು. ನೆಲ ಸರಿದು ಬಾಗಿಲ ಚೌಕಟ್ಟು ಓರೆಯಾಗಿತ್ತು. ಯಾವ ಪುಸ್ತಕವನ್ನೂ ಓದದ ಆ ಅಜ್ಜಿ ಎರಡೂ ಗುರುತುಗಳನ್ನು ಹಿಡಿದಿದ್ದರು. ಮಕ್ಕಳು ಎರಡನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡರು. ತೋಡು ಇಳಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ರಾಡಿಯಾದರೆ, ಬಾಗಿಲು ಹಿಡಿದುಕೊಂಡರೆ, ನೆಲದಲ್ಲಿ ಬಿರುಕು ಬಿಟ್ಟರೆ ದೊಡ್ಡವರನ್ನು ಎಬ್ಬಿಸಬೇಕು, ಎದ್ದೇಳುವವರೆಗೂ ಎಬ್ಬಿಸಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಲು ಹೇಳಬೇಕು. ಕಿವಿ ಮುಚ್ಚಿಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬ ಅಜ್ಜಿಯ ಪಕ್ಕದಲ್ಲೇ ಕುಳಿತಿದ್ದ. ಇನ್ನೊಬ್ಬಳು ಅಂದು ಶಾಲೆಗೆ ಬರಲಿಲ್ಲ. ಅವಳನ್ನು ಒತ್ತಾಯಿಸುವುದಿಲ್ಲ. ಆಪ್ತಸಮಾಲೋಚಕರ ಬಳಿ ಕರೆದೊಯ್ಯುವ ಬಗ್ಗೆ ಅವಳ ತಾಯಿಯೊಂದಿಗೆ ಮಾತಾಡಿದ್ದೇನೆ.

ಸೇರುವ ಜಾಗ ಹುಡುಕಲು ಮಕ್ಕಳೊಂದಿಗೇ ನಡೆದೆ. ಶಾಲೆಯಿಂದ ಸುಮಾರು 300 ಮೀಟರ್ ದೂರದಲ್ಲಿ, ಸಮತಟ್ಟಾದ ದಿಣ್ಣೆಯ ಮೇಲೆ ಬೆಳೆಗಾರರೊಬ್ಬರ ಕಾಫಿ ಕಣವಿದೆ. ಮೇಲೆ ಬೀಳುವ ಬರೆಯೂ ಇಲ್ಲ, ಪಕ್ಕದಲ್ಲಿ ತೋಡೂ ಇಲ್ಲ. ಅವರು ತಕ್ಷಣ ಒಪ್ಪಿದರು. ಅವರ ತಂದೆಯ ಕಾಲದಿಂದಲೂ ದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ಪುಸ್ತಕಗಳಿವೆ. ಈಗ ನಮ್ಮ ಮಕ್ಕಳು ಬೆಳಗ್ಗೆ ಅಲ್ಲಿ ಹೋಗಿ ಹಿಂದಿನ ದಿನದ ಲೆಕ್ಕ ಕೇಳಿ ಬಂದು ಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ.

ನಿನ್ನೆ ಅಭ್ಯಾಸ ಮಾಡಿದೆವು. ಮೊದಲ ಸಲ 11 ನಿಮಿಷ, ಎರಡನೇ ಸಲ 7. ಏಳನೇ ತರಗತಿಯವರು ಅಂಗನವಾಡಿ ಕೂಸುಗಳ ಕೈ ಹಿಡಿದುಕೊಂಡಿದ್ದರು. 'ಮರಳಬೇಡ' ಎಂದು ಹೇಳಿಕೊಟ್ಟಿದ್ದರೂ ಒಬ್ಬ ಹುಡುಗ ಅರ್ಧ ದಾರಿಯಿಂದ ಹಿಂದಕ್ಕೆ ಓಡಿದ. ಕೇಳಿದರೆ ಕೊಡೆ ಬಿಟ್ಟು ಬಂದಿದ್ದೆ ಎಂದ. ಅವನ ಮಾತು ಸರಿಯೇ. ನಿನ್ನೆ ಬಿಸಿಲಿತ್ತು, ನಿಜವಾಗಿ ಓಡಬೇಕಾದ ದಿನ ಬಿಸಿಲಿರುವುದಿಲ್ಲ. ಆದ್ದರಿಂದ ಮುಂದಿನ ಅಭ್ಯಾಸವನ್ನು ಸುರಿಯುವ ಮಳೆಯಲ್ಲೇ ಮಾಡಬೇಕೆಂದಿದ್ದೇನೆ. ತೊಡಕೊಂದಿದೆ. ಕೊಡೆ ಹಿಡಿದರೆ ಪಕ್ಕದ ಮಗುವಿನ ಕೈ ಹಿಡಿಯಲಾಗುವುದಿಲ್ಲ, ಗಾಳಿಗೆ ಕೊಡೆ ಮಗುವನ್ನೇ ಎಳೆಯುತ್ತದೆ. ಎಲ್ಲರಿಗೂ ಮಳೆ ಅಂಗಿ ಕೊಳ್ಳಲು ಹಣವಿಲ್ಲ. ಏನು ಮಾಡಬಹುದು?

ಕೃಷ್ಣಾ ದಂಡೆಯವನು | ಜೂನ್ 28, ರಾತ್ರಿ 8.50

ಕೊಪ್ಪೆ, ಮೇಡಂ. ಗೊಬ್ಬರದ ಖಾಲಿ ಚೀಲವನ್ನು ಚೆನ್ನಾಗಿ ತೊಳೆದು, ಒಂದು ಬದಿಯ ಹೊಲಿಗೆ ಬಿಚ್ಚಿ, ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ತಲೆಯಿಂದ ಮೊಣಕಾಲಿನವರೆಗೆ ಬರುತ್ತದೆ. ಎರಡೂ ಕೈ ಖಾಲಿ. ನಮ್ಮ ಮಕ್ಕಳು ಹೊಲಕ್ಕೆ ಹೋಗುವುದು ಅದರಲ್ಲೇ. ಚೀಲಕ್ಕೆ ನಮ್ಮೂರಿನಲ್ಲಿ ಬರವಿಲ್ಲ, ತೊಳೆದು ಮಡಿಸುವ ಕೆಲಸವನ್ನು ನಮ್ಮ ಮಕ್ಕಳೇ ಮಾಡುತ್ತಾರೆ. ಸಾರಿಗೆ ಬಸ್ಸಿನಲ್ಲಿ ಮಡಿಕೇರಿಗೆ ಹಾಕಿ ಕಳಿಸುತ್ತೇನೆ. ಎಷ್ಟು ಬೇಕು ಹೇಳಿ.

ಕೊಡಗಿನ ಟೀಚರ್ | ಜೂನ್ 28, ರಾತ್ರಿ 8.58

84, ಸರ್. ಅಂಗನವಾಡಿಯವರನ್ನು ಸೇರಿಸಿದರೆ 96. ಅವರಿಗೆ ಚಿಕ್ಕ ಚೀಲಗಳಿದ್ದರೆ ಒಳ್ಳೆಯದು.